ಜೂನ್ ಮೊದಲ ವಾರದ ಪಾಠ: ತೊಗರಿ ನಾಡಿನಲ್ಲಿ ಮೊಳಕೆ ಕಲಿಸಿದ ಬಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಬಳಗದವರು ಕೇಳಿದಾಗ, ಶಾಲೆಯ ಇತಿಹಾಸವನ್ನೇ ಬರೆಯಲಿ ಎಂಬುದು ಅವರ ಅಪೇಕ್ಷೆಯಾಗಿತ್ತು. ಜಾಗ ಯಾರು ಕೊಟ್ಟರು, ಕಟ್ಟಡ ಯಾವಾಗ ಎದ್ದಿತು, ಎಸ್ಸೆಸ್ಸೆಲ್ಸಿ ಫಲಿತಾಂಶ ಯಾವ ವರ್ಷ ಎಷ್ಟಾಯಿತು ಎಂಬುದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಅದನ್ನು ಅವರಿಗೇ ಬಿಟ್ಟು ನಾನು ಒಂದು ಪಾಠದ ಇತಿಹಾಸ ಬರೆಯುತ್ತಿದ್ದೇನೆ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಬರುತ್ತಿದ್ದ, ಬೀಜ ಮೊಳೆತು ಸಸಿಯಾಗುವ ಪಾಠ ಅದು. ಪರೀಕ್ಷೆಯಲ್ಲಿ ಅದಕ್ಕೆ ಮೂರೋ ನಾಲ್ಕೋ ಅಂಕ. ಆದರೆ ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆಯಲ್ಲಿ ಬಿತ್ತಿದ ಬೀಜ ಹುಟ್ಟದಿದ್ದರೆ ಹೋಗುವುದು ಅಂಕವಲ್ಲ, ಇಡೀ ವರ್ಷ.

ಈ ಪಾಠವನ್ನು ಶಾಲೆಗಿಂತ ಮೊದಲು ಮನೆ ಕಲಿಸುತ್ತಿತ್ತು. ನವರಾತ್ರಿಯಲ್ಲಿ ಘಟ ಹಾಕುವ ಮನೆಗಳಲ್ಲಿ ದೇವರ ಮುಂದೆ ಮಣ್ಣು ಹರಡಿ, ಧಾನ್ಯ ಬಿತ್ತಿ, ಒಂಬತ್ತು ದಿನ ನೀರು ಚಿಮುಕಿಸುವುದನ್ನು ನಾವೆಲ್ಲ ನೋಡಿಯೇ ಬೆಳೆದವರು. ಬಿಸಿಲು ಬೀಳದ ದೇವರ ಕೋಣೆಯಲ್ಲಿ ಆ ಸಸಿಗಳು ಹಳದಿಯಾಗಿ, ಉದ್ದುದ್ದವಾಗಿ ಏಳುತ್ತವೆ. ಮೊಳೆಯಲು ಬೆಳಕು ಬೇಕಿಲ್ಲ, ಹಸಿರಾಗಲು ಬೇಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಪುಸ್ತಕದಲ್ಲೂ ಇಲ್ಲ. ಇನ್ನು ಬಿತ್ತುವ ಬೀಜದ ವಿಷಯ. ರಾಶಿ ಮಾಡುವಾಗಲೇ ನಮ್ಮ ಆಯಿ ಕಾಳು ತುಂಬಿದ, ಹುಳ ಹತ್ತದ ತೊಗರಿಯನ್ನು ಬೇರೆ ತೆಗೆದಿಡುತ್ತಿದ್ದಳು. ಅದನ್ನು ಚೆನ್ನಾಗಿ ಒಣಗಿಸಿ, ಬೂದಿ ಮತ್ತು ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ತುಂಬಿ ಬಾಯಿ ಕಟ್ಟುತ್ತಿದ್ದಳು. ಮಿರ್ಗದ ಮಳೆಗೆ ಮೊದಲು ಒಂದು ಹಿಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡುವುದು ಅವಳ ಪದ್ಧತಿ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಶಾಲೆ ಬಂದಾಗ ಈ ತಿಳಿವಳಿಕೆಗೂ ಪುಸ್ತಕಕ್ಕೂ ನಂಟು ಬೆಳೆಯಲಿಲ್ಲ. ಅದಕ್ಕೆ ಒಂದು ಕಾರಣ ನಮ್ಮ ಚರಿತ್ರೆಯಲ್ಲೇ ಇದೆ. ಕನ್ನಡದಲ್ಲಿ ವಿಜ್ಞಾನ ಬರೆಯುವ ಕೆಲಸ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ‘ವಿಜ್ಞಾನ’ ಪತ್ರಿಕೆಯಿಂದ 1918ರಷ್ಟು ಹಿಂದೆಯೇ ಆರಂಭವಾಗಿತ್ತು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ ತಂದದ್ದು 1936ರಲ್ಲಿ. ಆ ಹೊತ್ತಿಗೆ ನಮ್ಮ ಜಿಲ್ಲೆ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಪ್ರೌಢಶಾಲೆಯವರೆಗೆ ಹೋದ ಕೆಲವೇ ಹುಡುಗರು ಹೆಚ್ಚಾಗಿ ಉರ್ದುವಿನಲ್ಲಿ ಓದಿದರು. ಮನೆಯಲ್ಲಿ ಕನ್ನಡದಲ್ಲಿ ಬಿತ್ತಿ, ಶಾಲೆಯಲ್ಲಿ ಇನ್ನೊಂದು ಭಾಷೆಯಲ್ಲಿ ಬೀಜದ ಭಾಗಗಳನ್ನು ಬಾಯಿಪಾಠ ಮಾಡಿದರೆ ಎರಡೂ ಒಂದೇ ಎಂದು ಹೊಳೆಯುವುದು ಕಷ್ಟ. 1948ರ ಸೆಪ್ಟೆಂಬರ್ 17ರ ನಂತರ, ಅದಕ್ಕಿಂತ ಹೆಚ್ಚಾಗಿ 1956ರ ನವೆಂಬರ್ 1ರ ಏಕೀಕರಣದ ನಂತರ, ಕನ್ನಡ ಪುಸ್ತಕಗಳು ನಮ್ಮ ಮಕ್ಕಳ ಕೈಗೆ ಬಂದವು. 1964–66ರ ಕೊಠಾರಿ ಆಯೋಗ ಮೊದಲ ಹತ್ತು ವರ್ಷದ ಶಿಕ್ಷಣದಲ್ಲಿ ವಿಜ್ಞಾನ ಎಲ್ಲರಿಗೂ ಕಡ್ಡಾಯವಿರಬೇಕು ಎಂದಿತು. ನಮ್ಮಂಥ ಪ್ರೌಢಶಾಲೆಗಳು ಹಳ್ಳಿಗಳಿಗೆ ಬಂದದ್ದು ಆ ಅಲೆಯಲ್ಲೇ.

ಪುಸ್ತಕವೇನೋ ಕನ್ನಡದ್ದಾಯಿತು, ಆದರೆ ಬೀಜ ನಮ್ಮದಾಗಲಿಲ್ಲ. ನಾವು ಓದಿದ ಪಾಠದಲ್ಲಿದ್ದ ಚಿತ್ರ ಅವರೆಯದು. ಅವರೆ ಮೊಳೆತಾಗ ಎರಡು ಬೀಜದಳಗಳೂ ಕೊಕ್ಕೆಯಂತೆ ಬಾಗಿದ ದಂಟಿನ ಜೊತೆ ಮಣ್ಣಿನ ಮೇಲೆ ಬರುತ್ತವೆ, ಆಮೇಲೆ ಒಣಗಿ ಉದುರುತ್ತವೆ. ಚಿತ್ರ ಅದನ್ನೇ ತೋರಿಸುತ್ತಿತ್ತು. ತೊಗರಿಯಲ್ಲಿ ಹಾಗೆ ಆಗುವುದಿಲ್ಲ. ತೊಗರಿಯ ಬೀಜದಳಗಳು ಮಣ್ಣಿನೊಳಗೇ ಉಳಿಯುತ್ತವೆ, ಮೇಲೆ ಬರುವುದು ಕುಡಿ ಮಾತ್ರ. ಪುಸ್ತಕ ಓದಿ ಹೊಲಕ್ಕೆ ಹೋದ ಹುಡುಗನಿಗೆ ಸಾಲಿನಲ್ಲಿ ಎಲ್ಲೂ ಬೀಜದಳ ಕಾಣುವುದಿಲ್ಲ. ಆಗ ಅವನು ಪುಸ್ತಕ ಸುಳ್ಳು ಎನ್ನುವುದಿಲ್ಲ. ಹೊಲ ಬೇರೆ, ಪಾಠ ಬೇರೆ ಎಂದುಕೊಳ್ಳುತ್ತಾನೆ. ನನ್ನ ಮಟ್ಟಿಗೆ ನಮ್ಮ ಭಾಗದ ವಿಜ್ಞಾನ ಬೋಧನೆಗೆ ಬಿದ್ದ ದೊಡ್ಡ ಪೆಟ್ಟು ಇದೇ.

ಈ ಅಂತರವನ್ನು ನಮ್ಮ ಶಾಲೆಯಲ್ಲಿ ಒಬ್ಬ ಮಾಸ್ತರರು ಮುಚ್ಚಿದರು. ತಮ್ಮ ಹೆಸರು ಎಲ್ಲೂ ಬರಬಾರದೆಂದು ಅವರು ಹೇಳಿರುವುದರಿಂದ ವಿಜ್ಞಾನದ ಸರ್ ಎಂದಷ್ಟೇ ಬರೆಯುತ್ತೇನೆ. ಹಳೆಯ ವಿದ್ಯಾರ್ಥಿಗಳಿಗೆ ಯಾರೆಂದು ಗೊತ್ತಾಗುತ್ತದೆ. ನಾನು ಎಂಟನೆಯ ತರಗತಿಗೆ ಸೇರಿದ್ದು 2002ರಲ್ಲಿ. ಬೀಜದ ಪಾಠ ಪುಸ್ತಕದಲ್ಲಿ ಎಲ್ಲೋ ಹಿಂದೆ ಇತ್ತು. ಸರ್ ಅದನ್ನು ಪ್ರತಿ ವರ್ಷ ಶಾಲೆ ತೆರೆದ ಮೊದಲ ವಾರಕ್ಕೇ ಎಳೆದು ತರುತ್ತಿದ್ದರು. ಶಾಲೆ ತೆರೆಯುವುದು ಜೂನ್ ಆರಂಭಕ್ಕೆ, ಮಿರ್ಗ ಕೂಡುವುದು 7ನೇ ತಾರೀಖಿನ ಆಜೂಬಾಜು. ಎಲ್ಲರ ಮನೆಯಲ್ಲೂ ಕೂರಿಗೆ ಸಜ್ಜಾಗುವ, ಬೀಜದ ಗಡಿಗೆ ಬಾಯಿ ಬಿಚ್ಚುವ ಸಮಯ ಅದು.

“ನಾಳಿ ಬರೋವಾಗ ಬಿತ್ಲಿಕ್ಕಿ ಇಟ್ಟ ತೊಗರಿ ಒಂದು ಮುಷ್ಟಿ ತರ್ರಿ. ಅಡಿಗಿ ಮನಿಯಾಗಿಂದ ಬ್ಯಾಳಿನೂ ಒಂದಿಷ್ಟು ತರ್ರಿ” ಎಂದರು ಮೊದಲ ದಿನ. ಬೇಳೆ ಯಾಕೆ ಎಂದು ಹೇಳಲಿಲ್ಲ. ಒಂದು ತಟ್ಟೆಯಲ್ಲಿ ಇಡೀ ತೊಗರಿ, ಇನ್ನೊಂದರಲ್ಲಿ ಬೇಳೆ, ಮೂರನೆಯದರಲ್ಲಿ ಹೆಸರು ಕಾಳು, ಎಲ್ಲವೂ ಒದ್ದೆ ಬಟ್ಟೆಯ ಮೇಲೆ. ಮೂರನೆಯ ದಿನ ಹೆಸರು ಬಾಲ ಬಿಟ್ಟಿತ್ತು, ತೊಗರಿ ಬಾಯಿ ಬಿಟ್ಟಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು “ಸರ್, ಬ್ಯಾಳಿ ಕೊಳತು ನಾರ್ಲತ್ತದ್ರಿ” ಎಂದಳು. “ಅದೂ ತೊಗರಿನೇ ಅಲ್ಲೇನವ್ವ? ಅದರ ಜೀವ ಎಲ್ಲಿ ಹೋತು, ಹುಡುಕ್ರಿ” ಎಂದು ಸರ್ ಎಲ್ಲರ ಕೈಗೂ ನೆನೆದ ಕಾಳು ಕೊಟ್ಟರು. ಸಿಪ್ಪೆ ಸುಲಿದು ಎರಡು ಹೋಳು ಬಿಡಿಸಿದಾಗ ಅಂಚಿನಲ್ಲಿ, ಒಂದು ಹೋಳಿಗೆ ಅಂಟಿಕೊಂಡು, ಸಣ್ಣ ಮೊನೆಯಂಥದ್ದು ಕಂಡಿತು. ಅದೇ ಭ್ರೂಣ. ಹೋಳುಗಳೆಲ್ಲ ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ದಾಲ್ ಮಿಲ್ಲಿನಲ್ಲಿ ಸಿಪ್ಪೆ ತೆಗೆದು ಕಾಳು ಒಡೆಯುವಾಗ ಆ ಮೊನೆ ಮುರಿದು ನುಚ್ಚಿನಲ್ಲಿ ಹೋಗುತ್ತದೆ. ಬುತ್ತಿ ಉಳಿಯುತ್ತದೆ, ಉಣ್ಣುವ ಕೂಸು ಇಲ್ಲ. (2019ರಲ್ಲಿ ನಮ್ಮ ಜಿಲ್ಲೆಯ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ, ಸಿಕ್ಕಾಗ ನನಗೆ ಮೊದಲು ನೆನಪಾದದ್ದು ಆ ನಾರುವ ತಟ್ಟೆ. ಜಗತ್ತಿಗೆ ನಮ್ಮ ಹೆಸರು ಹೇಳುವ ಬೇಳೆ, ಹುಟ್ಟಲಾರದ ಬೇಳೆ.)

ಐದಾರು ದಿನಕ್ಕೆ ಮಣ್ಣಿನಲ್ಲಿ ಹಾಕಿದ ಹೆಸರು ತನ್ನ ಎರಡೂ ಹೋಳು ಹೊತ್ತು ಮೇಲೆ ಬಂತು. ತೊಗರಿ ಕುಡಿ ಮಾತ್ರ ತೋರಿಸಿತು. ಹೋಳುಗಳ ಕೆಳಗಿನ ದಂಟು ಉದ್ದವಾದರೆ ಹೋಳು ಮೇಲೆ ಬರುತ್ತದೆ, ಮೇಲಿನ ದಂಟು ಉದ್ದವಾದರೆ ಹೋಳು ಕೆಳಗೇ ಉಳಿಯುತ್ತದೆ. ಸರ್ ಇದನ್ನು ಹಲಗೆಯ ಮೇಲೆ ಬರೆಯದೆ, ಎರಡು ಸಸಿ ಕಿತ್ತು ಕೈಯಲ್ಲಿ ಹಿಡಿದು ತೋರಿಸಿದರು. ಆಮೇಲೆ ಪುಸ್ತಕದ ಅವರೆ ಚಿತ್ರ ತೆಗೆಸಿದರು. “ಅವರಿ ನಮ್ಮ ಹೆಸರಿನ ಹಂಗ. ನಮ್ಮ ತೊಗರಿ ಬ್ಯಾರೆ. ಪುಸ್ತಕ ಬರದವ್ರು ತೊಗರಿ ಹೊಲ ನೋಡಿಲ್ಲ, ನೀವು ನೋಡೀರಿ” ಎಂದದ್ದು ಇನ್ನೂ ಕಿವಿಯಲ್ಲಿದೆ.

ಪುಸ್ತಕದಲ್ಲಿ ಮೂರು ಬೀಜದ ಪ್ರಯೋಗವೂ ಇತ್ತು. ಒಂದು ಪಟ್ಟಿಗೆ ಮೇಲೆ, ನಡುವೆ, ಕೆಳಗೆ ಒಂದೊಂದು ಬೀಜ ಕಟ್ಟಿ ಅದನ್ನು ನಡುವಿನ ಬೀಜದವರೆಗೆ ನೀರಿದ್ದ ಗಾಜಿನ ಲೋಟದಲ್ಲಿ ಇಡುವುದು. ಮೇಲಿನದಕ್ಕೆ ಗಾಳಿ ಇದೆ, ನೀರಿಲ್ಲ. ಕೆಳಗಿನದಕ್ಕೆ ನೀರಿದೆ, ಗಾಳಿ ಸಾಲದು. ಚೆನ್ನಾಗಿ ಮೊಳೆಯುವುದು ನಡುವಿನದು. ಎಲ್ಲ ಶಾಲೆಗಳಲ್ಲೂ ಇದನ್ನು ಮಾಡಿಸುತ್ತಾರೆ. ಸರ್ ಮಾತ್ರ ಲೋಟ ತೋರಿಸಿ, “ನಿಮ್ಮ ಎರಿ ಹೊಲದಾಗ ಕೆಳಗಿನ ಬೀಜ ಎಲ್ಲದ?” ಎಂದು ಕೇಳಿದರು. ಬಿತ್ತಿದ ಮೇಲೆ ಜೋರು ಮಳೆ ಬಂದು ಹೊಲದ ತಗ್ಗಿನ ಮೂಲೆಯಲ್ಲಿ ನೀರು ನಿಂತರೆ ಅಲ್ಲಿ ಸಾಲು ಹುಟ್ಟುವುದಿಲ್ಲ. ಇದು ನಮಗೆಲ್ಲ ಗೊತ್ತಿದ್ದದ್ದೇ. ಬೀಜಕ್ಕೆ ಉಸಿರು ಕಟ್ಟಿ ಹಾಗಾಗುತ್ತದೆ ಎಂಬುದು ಮಾತ್ರ ಆವತ್ತು ಗೊತ್ತಾಯಿತು.

ಮೊಳಕೆ ಹೇಗೆ ತಿರುಗಿಸಿ ಇಟ್ಟರೂ ಬೇರು ಕೆಳಕ್ಕೇ ಹೋಗುತ್ತದೆ ಎಂಬುದನ್ನು ಬಾಟಲಿ ಮಗುಚಿ ತೋರಿಸಿದ್ದರು. ಅದರ ಹಿಂದೆ ಎಂಥ ಚರಿತ್ರೆ ಇದೆ ಎಂದು ನಾನು ಓದಿದ್ದು ಬಹಳ ತಡವಾಗಿ, ಕಲಬುರಗಿಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ. ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಎಂಬ ತೋಟಗಾರ 1806ರಲ್ಲಿ, ನೀರಿನಿಂದ ತಿರುಗುವ ಚಕ್ರದ ಅಂಚಿಗೆ ಬೀಜಗಳನ್ನು ಕಟ್ಟಿ ಎಡೆಬಿಡದೆ ಸುತ್ತಿಸಿದ. ಬೇರುಗಳು ಚಕ್ರದ ಹೊರಕ್ಕೂ ಕುಡಿಗಳು ಚಕ್ರದ ನಡುವಿಗೂ ಬೆಳೆದವು. ಬೇರು ಮಣ್ಣನ್ನು ಹುಡುಕುವುದಿಲ್ಲ, ಎಳೆತದ ದಿಕ್ಕನ್ನು ಹಿಡಿಯುತ್ತದೆ ಎಂದು ಅದರಿಂದ ಸ್ಪಷ್ಟವಾಯಿತು. ಚಾರ್ಲ್ಸ್ ಡಾರ್ವಿನ್ 1855ರಲ್ಲಿ ಮನೆಯಲ್ಲೇ ಉಪ್ಪುನೀರಿನ ಬಾಟಲಿಗಳಲ್ಲಿ ಬೀಜ ನೆನೆಹಾಕಿ, ಸಮುದ್ರ ದಾಟಿಯೂ ಬೀಜ ಬದುಕಬಹುದೇ ಎಂದು ನೋಡಿದ. 87 ಬಗೆಗಳಲ್ಲಿ 64 ಬಗೆಯವು 28 ದಿನ ಉಪ್ಪುನೀರಿನಲ್ಲಿದ್ದೂ ಮೊಳೆತವು. ಬೀಜಗಳು ಬದುಕಲಾರವು ಎಂದಿದ್ದ ಗೆಳೆಯ ಹೂಕರ್‌ನನ್ನು ಅಪ್ಪ ಸೋಲಿಸುತ್ತಾನೋ ಇಲ್ಲವೋ ಎಂದು ಡಾರ್ವಿನ್‌ನ ಮಕ್ಕಳು ಕಾತರದಿಂದ ಕೇಳುತ್ತಿದ್ದರಂತೆ. ದೊಡ್ಡ ಉಪಕರಣ ಒಂದೂ ಇಲ್ಲ. ಬಾಟಲಿ, ನೀರು, ಬೀಜ, ಎಣಿಕೆ. ನಮ್ಮ ತರಗತಿಯಲ್ಲೂ ಇದ್ದದ್ದು ಅಷ್ಟೇ.

ಎಣಿಕೆ ಎಂದೆ. ಸರ್ ಪಾಠದ ಜೀವವೇ ಅದು. ಪ್ರತಿಯೊಬ್ಬರೂ ಮನೆಯ ಬೀಜದಲ್ಲಿ 100 ಕಾಳು ಎಣಿಸಿ, ಹಸಿ ಗೋಣಿಚೀಲದ ತುಂಡಿನ ಮೇಲೆ ಹತ್ತು ಸಾಲಾಗಿ ಜೋಡಿಸಿ, ಮೇಲೊಂದು ತುಂಡು ಮುಚ್ಚಿ, ಚಾಪೆಯಂತೆ ಸುತ್ತಿ ಹಗುರಾಗಿ ಕಟ್ಟಬೇಕು. ಸುರುಳಿಗಳೆಲ್ಲ ಶಾಲೆಯ ಪಡಸಾಲೆಯ ನೆರಳಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ದಿನಾ ನೀರು ಚಿಮುಕಿಸುವ ಪಾಳಿ ನಮ್ಮದು. ಆರನೆಯ ದಿನ ಬಿಚ್ಚಿ, ಬೇರು ಮತ್ತು ಕುಡಿ ಎರಡೂ ಸರಿಯಿದ್ದ ಕಾಳು ಮಾತ್ರ ಎಣಿಸಿ ವಹಿಯಲ್ಲಿ ಬರೆಸುತ್ತಿದ್ದರು. ನನ್ನ ಮನೆಯ ಬೀಜ 91 ಬಂತು. ಆಯಿಗೆ ಹೇಳಿದಾಗ “ಇನ್ನ ಒಂಬತ್ತ್ ಏನಾದ್ವು?” ಎಂದಳು. ನಮ್ಮ ಪಕ್ಕದ ಊರಿನ ಗೆಳೆಯನದು 54. ಅವನು ನಾಚಿಕೊಂಡು 84 ಎಂದು ಬರೆಯಲು ಹೊರಟ. ಸರ್ ವಹಿಯನ್ನು ಮುಚ್ಚಿ, ಅವನನ್ನು ಬೈಯದೆ, ಅವತ್ತೇ ಸಂಜೆ ಸೈಕಲ್ ಹತ್ತಿ ಅವನ ಮನೆಗೆ ಹೋದರು. ಅದು ಎರಡು ವರ್ಷ ಹಳೆಯ ಬೀಜ, ಹೋದ ಮಳೆಗಾಲದಲ್ಲಿ ಹಸಿ ತಾಗಿತ್ತು. ಅವರ ತಂದೆ ನೆಂಟರ ಮನೆಯಿಂದ ಬೇರೆ ಬೀಜ ತಂದು ಬಿತ್ತಿದರು. ಗೆಳೆಯ ಇಂದಿಗೂ ಒಕ್ಕಲುತನದಲ್ಲೇ ಇದ್ದಾನೆ. ಸರಕಾರದ ಬೀಜ ಮಾನದಂಡದಲ್ಲಿ ತೊಗರಿಗೆ ಇರುವ ಕನಿಷ್ಠ ಮೊಳಕೆ ಪ್ರಮಾಣ ಶೇ. 75. ಆ ಅಂಕಿ ನನಗೆ ಗೊತ್ತಾದದ್ದು ಆ ವಹಿಯ ಮೊದಲ ಪುಟದಲ್ಲಿ.

ಕಮಲಾಪುರದ ಮಕ್ಕಳಿರುವ ತರಗತಿಯಲ್ಲಿ ಈ ಪಾಠಕ್ಕೆ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: “ಸರ್, ಕೆಂಪು ಬಾಳಿಗಿ ಬೀಜ ಎಲ್ಲಿರ್ತದ್ರಿ?” ಕಮಲಾಪುರದ ಕೆಂಪು ಬಾಳೆ ಕೂಡ ಜಿಐ ಪಡೆದ ಬೆಳೆ. ಅದಕ್ಕೆ ಮೊಳೆಯುವ ಬೀಜವೇ ಇಲ್ಲ. ಹಣ್ಣು ಅಡ್ಡ ಕೊಯ್ದರೆ ನಡುವೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳು ಬೆಳೆಯದೆ ಉಳಿದ ಬೀಜಗಳು. ತಾಯಿ ಗಿಡದ ಬುಡದ ಕಂದು ಕಿತ್ತು ನೆಡುತ್ತಾರೆ. ಹಾಗಾಗಿ ಒಂದು ತೋಟದ ಕೆಂಪು ಬಾಳೆಗಳೆಲ್ಲ ಒಂದೇ ಗಿಡದ ತುಣುಕುಗಳಿದ್ದಂತೆ, ಒಂದಕ್ಕೆ ತಗುಲುವ ರೋಗ ಎಲ್ಲಕ್ಕೂ ತಗುಲುತ್ತದೆ. ಬೀಜದಿಂದ ಬರುವ ಗಿಡಗಳು ಮಾತ್ರ ಅಣ್ಣತಮ್ಮಂದಿರಿದ್ದಂತೆ, ಒಬ್ಬರ ಹಾಗೆ ಒಬ್ಬರಿರುವುದಿಲ್ಲ. ಬೀಜ ಯಾಕೆ ಬೇಕು ಎಂಬ ಪ್ರಶ್ನೆಗೆ ಬಾಳೆ ಉತ್ತರ ಕೊಟ್ಟಿತು.

ಅದೇ ವರ್ಷ ನಮ್ಮನ್ನು ಕಲಬುರಗಿಗೆ ಪ್ರವಾಸ ಕರೆದುಕೊಂಡು ಹೋದರು. ಕಮಲಾಪುರದಿಂದ ಸುಮಾರು 35 ಕಿ.ಮೀ. ಆದರೂ ಆ ಬಸ್ಸಿನಲ್ಲಿದ್ದ ಅನೇಕರಿಗೆ ಅದು ಆಸ್ಪತ್ರೆಗಲ್ಲದೆ, ಸಂತೆಗಲ್ಲದೆ ಪಟ್ಟಣಕ್ಕೆ ಹೋದ ಮೊದಲ ಸಲ. 1984ರಲ್ಲಿ ಆರಂಭವಾದ ಜಿಲ್ಲಾ ವಿಜ್ಞಾನ ಕೇಂದ್ರದಲ್ಲಿ ಡೊಂಕು ಕನ್ನಡಿ ನೋಡಿ ನಕ್ಕಿದ್ದು ಎಲ್ಲರಿಗೂ ನೆನಪಿದೆ. ನನಗೆ ಹೆಚ್ಚು ನೆನಪಿರುವುದು ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರದ ಒಂದು ತಾಕು. ಅಲ್ಲಿನ ಮಣ್ಣಿನಲ್ಲಿ ತೊಗರಿಯ ನೆಟೆ ರೋಗದ ಶಿಲೀಂಧ್ರವನ್ನು ಬೇಕೆಂದೇ ಉಳಿಸಿಕೊಂಡಿರುತ್ತಾರೆ. ಎಲ್ಲ ತಳಿಯೂ ಅಲ್ಲಿ ಸಮವಾಗಿಯೇ ಹುಟ್ಟುತ್ತದೆ. ಹೂ ಬಿಡುವ ಹೊತ್ತಿಗೆ ಒಂದು ಸಾಲು ನಿಂತಲ್ಲೇ ಒಣಗಿರುತ್ತದೆ, ಪಕ್ಕದ ಸಾಲು ಹಸಿರಾಗಿರುತ್ತದೆ. ಮೊಳಕೆ ಎಣಿಸಿ ಹಿಗ್ಗಿದ್ದ ನಮಗೆ ಸರ್ ಆ ಒಣಗಿದ ಸಾಲಿನ ಮುಂದೆ ಬಹಳ ಹೊತ್ತು ನಿಲ್ಲಿಸಿ, “ಇವೂ ನೂರಕ್ಕ ತೊಂಬತ್ತು ಹುಟ್ಟಿದ್ವು” ಎಂದರು.

ಈ ಮಾತು ಹೇಳಲು ಕಾರಣವಿದೆ. ಮನೆಯ ಬೀಜವೆಲ್ಲ ಬಂಗಾರ, ಹೊರಗಿನ ಬೀಜವೆಲ್ಲ ಮೋಸ ಎಂದು ಈಗ ಕೆಲವರು ಬರೆಯುತ್ತಾರೆ. ನಮ್ಮ ಜಿಲ್ಲೆಯ ಅನುಭವ ಹಾಗಿಲ್ಲ. ಹಳೆಯ ತಳಿಗಳನ್ನು ನೆಟೆ ರೋಗ ಹೊಲಕ್ಕೆ ಹೊಲವೇ ಒಣಗಿಸುತ್ತಿತ್ತು. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಸಂಸ್ಥೆ ಆರಂಭವಾಯಿತು. ಅಲ್ಲಿ ಆಯ್ಕೆಯಾದ ಐಸಿಪಿ 8863 ಎಂಬ ನೆಟೆ ನಿರೋಧಕ ತಳಿ 1986ರಲ್ಲಿ ಕರ್ನಾಟಕದಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಅದು ಅಂಗಡಿಯಿಂದ ಹರಡಿದ್ದಕ್ಕಿಂತ ಹೆಚ್ಚಾಗಿ ಬೀಗರು, ನೆಂಟರ ಮೂಲಕ ಮನೆಯಿಂದ ಮನೆಗೆ ಹೋಯಿತೆಂದು ನಮ್ಮ ಹಿರಿಯರು ಹೇಳುತ್ತಾರೆ. ಆಯಿಯ ಗಡಿಗೆಯಲ್ಲಿದ್ದದ್ದೂ ಮಾರುತಿಯೇ. ಜೇನುಹುಳದಿಂದ ತೊಗರಿಯಲ್ಲಿ ಪರಾಗ ಬೆರಕೆಯಾಗುವುದರಿಂದ ಕೆಲವು ವರ್ಷಕ್ಕೊಮ್ಮೆ ಬೀಜ ಬದಲಿಸುವುದೂ ಅಗತ್ಯ. ಆದ್ದರಿಂದ ಪ್ರಶ್ನೆ ಮನೆಯದೋ ಅಂಗಡಿಯದೋ ಎಂಬುದಲ್ಲ. ಬಿತ್ತುವ ಮೊದಲು ಎಣಿಸಿ ನೋಡಿದ್ದೇವೋ ಇಲ್ಲವೋ ಎಂಬುದು.

ಆ ಎಣಿಕೆ ನಿಂತುಹೋಯಿತು. ನಾನು ಕೆಲಸಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಅಪ್ಪ ಆ ಸಲ ನಾಲ್ಕು ಎಕರೆ ಸೋಯಾ ಹಾಕಿದರು, ಪಾಕೀಟಿನ ಬೀಜ. ಸೋಯಾದ ಸಿಪ್ಪೆ ತೆಳು. ಚೀಲ ಎತ್ತಿ ಒಗೆದರೂ, ಬಿಸಿ ಗೋದಾಮಿನಲ್ಲಿ ಇಟ್ಟರೂ ಒಳಗಿನ ಜೀವ ಹೋಗುತ್ತದೆ, ಹೊರಗೆ ಕಾಳು ಹೊಳೆಯುತ್ತಲೇ ಇರುತ್ತದೆ. ಹತ್ತು ದಿನ ಕಾದರೂ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಸಸಿ. ಯಾರ ಬೀಜ, ಯಾವ ಅಂಗಡಿ ಎಂಬುದು ಇಲ್ಲಿ ಬೇಡ. ಫೋನಿನಲ್ಲಿ ಅಪ್ಪ “ಪಾಕೀಟಿನ ಮ್ಯಾಲ ಬರದಾರಲ್ಲೋ ತಮ್ಮಾ” ಎಂದಷ್ಟೇ ಹೇಳಿದರು. ಮತ್ತೆ ಬಿತ್ತುವ ಹೊತ್ತಿಗೆ ಹದ ಹೋಗಿತ್ತು. ಆ ವರ್ಷ ನನ್ನ ಸಂಬಳದಿಂದ ಮನೆ ನಡೆಯಿತು. ಸಂಬಳವಿಲ್ಲದ ಮನೆಗಳು ಏನು ಮಾಡಿದವು ಎಂಬುದು ಊರಿನವರಿಗೆ ಗೊತ್ತಿದೆ. 1966ರ ಬೀಜ ಕಾಯ್ದೆ ಇದೆ, ಚೀಟಿಯ ಮೇಲೆ ಮೊಳಕೆ ಪ್ರಮಾಣ ಅಚ್ಚಾಗಿರುತ್ತದೆ. ಆದರೆ ಚೀಟಿ ಹೇಳುವುದು ಪರೀಕ್ಷೆ ಮಾಡಿದ ದಿನದ ಮಾತು, ಬಿತ್ತುವ ದಿನದ್ದಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಬೇರೆಯವರು ಪರೀಕ್ಷಿಸಿ ಕೊಟ್ಟದ್ದನ್ನು ನಮ್ಮ ಯಂತ್ರದಲ್ಲಿ ಇನ್ನೊಮ್ಮೆ ಓಡಿಸಿ ನೋಡದೆ ಒಪ್ಪುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಶಾಲೆಗೆ ಹೋದಾಗ ಈಗಿನ ವಿಜ್ಞಾನ ಶಿಕ್ಷಕಿಯವರ ಜೊತೆ ಬಹಳ ಹೊತ್ತು ಮಾತಾಡಿದೆ. ಅವರು ಶ್ರದ್ಧೆಯಿಂದ ಕಲಿಸುವವರು, ಸ್ಮಾರ್ಟ್ ಬೋರ್ಡಿನಲ್ಲಿ ಮೊಳಕೆಯ ವಿಡಿಯೋ ಕೂಡ ತೋರಿಸುತ್ತಾರೆ. ಆದರೆ ಮನೆಯಿಂದ ಬೀಜ ತನ್ನಿ ಎಂದರೆ ಈಗಿನ ಮಕ್ಕಳ ಮನೆಯಲ್ಲಿ ಬೀಜವಿಲ್ಲ. ಪಾಕೀಟಿನ ಬೀಜಕ್ಕೆ ಕೆಂಪು, ನೀಲಿ ಬಣ್ಣದ ಔಷಧಿ ಲೇಪಿಸಿರುತ್ತಾರೆ, ಅದನ್ನು ಮಕ್ಕಳ ಕೈಗೆ ಕೊಡುವಂತಿಲ್ಲ. ಕೊನೆಗೆ ಕಿರಾಣಿ ಅಂಗಡಿಯ ಹೆಸರು ಕಾಳೇ ಗತಿ. ಅವರು ಹೇಳಿದ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು: ಬಿಸಿಯೂಟದಲ್ಲಿ ದಿನಾ ತೊಗರಿ ಬೇಳೆಯ ಸಾರು ಉಣ್ಣುವ ಮಕ್ಕಳಲ್ಲಿ ಕೆಲವರು, ಬೇಳೆಯನ್ನೇ ಬಿತ್ತುತ್ತಾರೆ ಎಂದು ಉತ್ತರ ಪತ್ರಿಕೆಯಲ್ಲಿ ಬರೆದಿದ್ದಾರಂತೆ.

ಸರ್ ಅವರ ಆ ಹಳೆಯ ವಹಿ ಅವರ ಮನೆಯಲ್ಲಿದೆ. ನಿವೃತ್ತಿಯಾಗುವವರೆಗೆ ಪ್ರತಿ ಜೂನ್‌ನಲ್ಲಿ ಮಕ್ಕಳು ಎಣಿಸಿ ಬರೆದದ್ದು ಅದರಲ್ಲಿದೆ: ಮಗುವಿನ ಹೆಸರು, ಊರು, ಬೀಜ, ನೂರಕ್ಕೆ ಎಷ್ಟು. ಶಾಲೆಗೆ ಅದನ್ನು ಕೊಡಲು ಅವರು ಒಪ್ಪಿದ್ದಾರೆ. ನಾನು ಮತ್ತು ನನ್ನ ತರಗತಿಯ ಕೆಲವರು ಮುಖ್ಯೋಪಾಧ್ಯಾಯರಿಗೆ ಒಂದು ವಿನಂತಿ ಮಾಡಿದ್ದೇವೆ. ಬರುವ ಜೂನ್ ಮೊದಲ ವಾರದಲ್ಲಿ ಊರಿನ ಯಾವ ರೈತರೇ ಆಗಲಿ, ಮನೆಯದಾಗಲಿ ಅಂಗಡಿಯದಾಗಲಿ, ಬಿತ್ತುವ ಬೀಜದ ಒಂದು ಹಿಡಿಯನ್ನು ಶಾಲೆಗೆ ತಂದು ಕೊಡಲಿ. ಚೀಲದ ಮೇಲೆ, ನಡುವೆ, ತಳ, ಮೂರೂ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದಿರಲಿ. ಬಣ್ಣ ಹಚ್ಚಿದ ಬೀಜವಾದರೆ ಕೈಚೀಲ ಹಾಕಿಕೊಂಡು ನಾವು ದೊಡ್ಡವರೇ ಜೋಡಿಸುತ್ತೇವೆ, ಮಕ್ಕಳು ದೂರದಿಂದ ಎಣಿಸಲಿ. ಆರನೆಯ ದಿನ ಅಂಕಿಯನ್ನು ಶಾಲೆಯ ಹೊರಗಿನ ಹಲಗೆಯ ಮೇಲೆ ಬರೆಯೋಣ. ತೊಗರಿ 75ಕ್ಕಿಂತ ಕಡಿಮೆ ಬಂದರೆ ಬೀಜ ಬದಲಿಸಲು ಆಗ ಇನ್ನೂ ವೇಳೆ ಇರುತ್ತದೆ. ಶಿಕ್ಷಕಿಯವರು ಒಪ್ಪಿದ್ದಾರೆ. ಪಡಸಾಲೆಯ ನೆರಳು ಈಗಲೂ ಹಾಗೆಯೇ ಇದೆ. ಗೋಣಿಚೀಲಗಳನ್ನು ಕಲಬುರಗಿಯಿಂದ ತರುವ ಜವಾಬ್ದಾರಿ ನನ್ನದು.